ಸಿಂಗಲೀಲಾ ಬೆಟ್ಟಸಾಲು: ಸಾಲ ಮರದಿಂದ ಸಿಲ್ವರ್ ಫರ್ ತನಕ

ಸಿಂಗಲೀಲಾ ಬೆಟ್ಟಸಾಲಿನ ಮೇಲಿನ ಸಂದಕ್‌ಫುಗೆ ಹೋಗುವವರು ಹೆಚ್ಚಾಗಿ ಹಿಮಶಿಖರ ನೋಡಲು ಹೋಗುತ್ತಾರೆ. ಅದು ಸಹಜವೇ. ಎವರೆಸ್ಟ್, ಕಾಂಚನಜುಂಗಾ, ಲೋತ್ಸೆ, ಮಕಾಲು ಈ ನಾಲ್ಕೂ ಅಲ್ಲಿ ಒಂದೇ ಕಡೆ ನಿಂತರೆ ಕಾಣುತ್ತವೆ. ಜಗತ್ತಿನ ಐದು ಅತಿ ಎತ್ತರದ ಶಿಖರಗಳಲ್ಲಿ ನಾಲ್ಕು ಅವು. ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆಯಲ್ಲಿ, ನೇಪಾಳದ ಗಡಿಯ ಮೇಲೆಯೇ ಸಾಗುವ ದಾರಿ ಇದು.

ನಾನು ಮತ್ತು ನನ್ನ ಅಕ್ಕನ ಮಗ ಹೋಗಿದ್ದು ಮಾತ್ರ ಮುಖ್ಯವಾಗಿ ಕಾಡು ನೋಡಲು. ಅವನು ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದುತ್ತಿದ್ದಾನೆ. ನನ್ನದು ಅಲ್ಲೇ ಹತ್ತಿರದಲ್ಲಿ ಅಡಿಕೆ ತೋಟ. ನಮ್ಮ ಕಡೆ ಕಾಡು ಬದಲಾಗುವುದು ಮಳೆಯ ಲೆಕ್ಕದಲ್ಲಿ. ಘಟ್ಟದ ಅಂಚಿನಿಂದ ಮುಂಡಗೋಡದ ಕಡೆ ಹೊರಟರೆ ಸಾಕು, ನಿತ್ಯಹಸಿರು ಕಾಡು ತೆಳುವಾಗುತ್ತಾ ಹೋಗಿ ಮತ್ತಿ, ತೇಗ ಶುರುವಾಗುತ್ತವೆ. ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮಳೆ ಮಾತ್ರ ಕಡಿಮೆಯಾಗುತ್ತದೆ. ಎತ್ತರದ ಲೆಕ್ಕದಲ್ಲಿ ಕಾಡು ಹೇಗೆ ಬದಲಾಗುತ್ತದೆ ಅಂತ ಪೂರ್ತಿ ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು. ಅದೂ ನಡೆದೇ ನೋಡಬೇಕು.

ಮೊದಲ ದಿನ: ಸಿಲಿಗುರಿಯಿಂದ ಮಾನೇಭಂಜ್ಯಾಂಗ್

ಏಪ್ರಿಲ್ ಕೊನೆಯ ವಾರ. ಸಿಲಿಗುರಿಯಲ್ಲಿ ಬೆಳಿಗ್ಗೆಯೇ ಸೆಕೆ. ಊರು ಇರುವುದು ಸಮುದ್ರಮಟ್ಟದಿಂದ 120 ಮೀಟರ್ ಆಸುಪಾಸಿನಲ್ಲಿ. ಜೀಪು ಸುಕ್ನಾ ಕಡೆ ತಿರುಗಿದ ಕೂಡಲೇ ಸಾಲ ಮರಗಳ ಕಾಡು ಎದುರಾಯಿತು. ನೇರ ಕಾಂಡ, ಅಗಲ ಎಲೆ, ಮರದ ಕೆಳಗೆ ಧಾರಾಳ ಬೆಳಕು. ಹಿಮಾಲಯದ ಬುಡದುದ್ದಕ್ಕೂ ಹರಡಿರುವ ಮರ ಇದು. ನಮ್ಮ ನಡಿಗೆ ಮಾರನೇ ದಿನ ಶುರುವಾಗುವುದಿದ್ದರೂ, ಲೆಕ್ಕ ಇಲ್ಲಿಂದಲೇ ಹಿಡಿಯಬೇಕು ಅಂತ ಅಕ್ಕನ ಮಗ ಹಟ ಹಿಡಿದಿದ್ದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ದುಧಿಯಾ ದಾಟಿ ಮಿರಿಕ್ ಕಡೆ ಏರಿದಂತೆ ಕಾಡು ಹೋಗಿ ಚಹಾ ತೋಟ ಬಂತು. ಗುಡ್ಡದ ಮೇಲೆ ಗುಡ್ಡ, ಎಲ್ಲವೂ ಚಹಾ. ಇಲ್ಲಿನ ಇಳಿಜಾರಿನ ಕಾಡಿನ ದೊಡ್ಡ ಪಾಲು 19ನೇ ಶತಮಾನದಲ್ಲಿ ಚಹಾಕ್ಕಾಗಿ ಹೋಯಿತು. ಅದಕ್ಕೂ ಮೇಲೆ ಕಾಣುವ ಕಡುಹಸಿರು ಮರಗಳನ್ನು ನೋಡಿ ಬಹಳ ಜನ ಹಿಮಾಲಯದ ಪೈನ್ ಅಂದುಕೊಳ್ಳುತ್ತಾರೆ. ಅವು ಪೈನ್ ಅಲ್ಲ, ಇಲ್ಲಿಯವೂ ಅಲ್ಲ. ಜಪಾನಿನಿಂದ ಬ್ರಿಟಿಷರ ಕಾಲದಲ್ಲಿ ತಂದು ನೆಟ್ಟ ಕ್ರಿಪ್ಟೊಮೇರಿಯಾ. ಸ್ಥಳೀಯರು ಧುಪ್ಪಿ ಅನ್ನುತ್ತಾರೆ. ಬೇಗ ಬೆಳೆಯುತ್ತದೆ, ಮನೆ ಕಟ್ಟಲು ಹಲಗೆಯಾಗುತ್ತದೆ. ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಒಳಗೆ ಹೊಕ್ಕು ನೋಡಿ. ನೆಲದ ಮೇಲೆ ಕಂದು ಬಣ್ಣದ ಕಸ ಬಿಟ್ಟರೆ ಹೆಚ್ಚೇನೂ ಇಲ್ಲ. ಹಕ್ಕಿ ದನಿಯೂ ಕಡಿಮೆ. ನಮ್ಮೂರ ಅಕೇಶಿಯಾ ನೆಡುತೋಪಿನಲ್ಲಿ ಓಡಾಡಿದವರಿಗೆ ಈ ಮೌನದ ಪರಿಚಯ ಇರುತ್ತದೆ.

ಸಂಜೆ ಮಾನೇಭಂಜ್ಯಾಂಗ್ ತಲುಪಿದೆವು. ಸಣ್ಣ ಪೇಟೆ. ಬೀದಿಯ ಒಂದು ಬದಿ ಭಾರತ, ಇನ್ನೊಂದು ಬದಿ ನೇಪಾಳ. ಸುಮಾರು 2,000 ಮೀಟರ್ ಎತ್ತರ. ಅಂದರೆ ಮುಳ್ಳಯ್ಯನಗಿರಿಯ ನೆತ್ತಿ ಎಲ್ಲಿ ಮುಗಿಯುತ್ತದೋ ಹೆಚ್ಚುಕಡಿಮೆ ಅಲ್ಲಿಂದ ಇಲ್ಲಿನ ನಡಿಗೆ ಶುರು. ಗೈಡ್ ಇಲ್ಲದೆ ಮುಂದೆ ಬಿಡುವುದಿಲ್ಲ. ಸ್ಥಳೀಯ ಗೈಡ್‌ಗಳ ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಒಬ್ಬರನ್ನು ಜೊತೆ ಮಾಡಿ ಕೊಡುತ್ತಾರೆ. ನಮಗೆ ಸಿಕ್ಕಿದ್ದು ಇಪ್ಪತ್ತೈದರ ಆಸುಪಾಸಿನ ನೇಪಾಳಿ ಹುಡುಗ. ನನ್ನನ್ನು 'ದಾಜು' ಅಂತ ಕರೆದ. ಅಣ್ಣ ಅಂತ. ನಮ್ಮ ಮಾತೆಲ್ಲ ಹಿಂದಿಯಲ್ಲಿ.

ಎರಡನೇ ದಿನ: ತುಮ್ಲಿಂಗ್‌ವರೆಗೆ

ಗಡಿ ಪಡೆಯವರ ಚೌಕಿಯಲ್ಲಿ ಗುರುತಿನ ಚೀಟಿ ತೋರಿಸಿ ಹೊರಟೆವು. ಚಿತ್ರೆವರೆಗೆ ಮೂರು ಕಿಲೋಮೀಟರ್ ಬರೀ ಏರು. ಜೀಪ್ ರಸ್ತೆ ಹಾವಿನಂತೆ ಸುತ್ತಿ ಹೋದರೆ, ಕಾಲುದಾರಿ ಧುಪ್ಪಿ ತೋಪಿನ ನಡುವೆ ನೇರ ಮೇಲಕ್ಕೆ. ಪಕ್ಕದಲ್ಲಿ ಹಳೇ ಲ್ಯಾಂಡ್ ರೋವರ್‌ಗಳು ಗುರುಗುಟ್ಟುತ್ತಾ ಹತ್ತುತ್ತವೆ. ದಶಕಗಳ ಹಿಂದಿನ ಗಾಡಿಗಳು, ಇನ್ನೂ ಓಡುತ್ತಿವೆ. ಈಗ ಅವುಗಳ ಜೊತೆ ಹೊಸ ಬೊಲೆರೋಗಳೂ ಬಂದಿವೆ. ಮೇಲಿನ ತನಕ ಗಾಡಿ ಹೋಗುವುದರಿಂದ ನಡೆಯುವವರು ಕಡಿಮೆಯಾಗಿದ್ದಾರೆ. ಧೂಳು ಜಾಸ್ತಿಯಾಗಿದೆ.

ಚಿತ್ರೆಯಲ್ಲಿ ಗೊಂಪಾ ಅನ್ನುವ ಬೌದ್ಧ ಮಠ, ಬಿಸಿ ಚಹಾ. ಅಲ್ಲಿಂದ ಮುಂದೆ ನಿಜವಾದ ಕಾಡು. ಓಕ್, ಓಕ್‌ನ ನೆಂಟ ಕಟುಸ್, ಮೇಪಲ್. ಕೊಂಬೆಯ ಮೇಲೆಲ್ಲ ಪಾಚಿ. ಪಾಚಿಯ ಮೇಲೆ ಜರಿಗಿಡ, ಜರಿಗಿಡದ ಸಂದಿಯಲ್ಲಿ ಆರ್ಕಿಡ್. ಬಂಗಾಳಕೊಲ್ಲಿಯಿಂದ ಬರುವ ಮಳೆಮೋಡಕ್ಕೆ ಬಯಲು ದಾಟಿದ ಮೇಲೆ ಸಿಗುವ ಮೊದಲ ದೊಡ್ಡ ಗೋಡೆಗಳಲ್ಲಿ ಇದೊಂದು. ಮಳೆಗಾಲ ಮುಗಿದ ಮೇಲೂ ಮಧ್ಯಾಹ್ನವಾದರೆ ಮಂಜು ತುಂಬಿಕೊಳ್ಳುತ್ತದೆ. ಪಾಚಿ ಅದನ್ನು ಹೀರಿ, ನಿಧಾನಕ್ಕೆ ಹನಿಸುತ್ತದೆ. ಮಳೆ ಬಾರದ ದಿನವೂ ಮರದ ಕೆಳಗೆ ನೆಲ ಒದ್ದೆ.

"ಮಾವ, ಮೇಲೆ ನೋಡು" ಅಂದ ಅಕ್ಕನ ಮಗ. ಬೋಳು ಕೊಂಬೆಗಳ ದೊಡ್ಡ ಮರ. ತುದಿಯಲ್ಲಿ ತಡವಾಗಿ ಅರಳಿದ ನಾಲ್ಕಾರು ಹೂ. ಒಂದೊಂದೂ ಅಂಗೈಗಿಂತ ದೊಡ್ಡದು. ಇದು ಮ್ಯಾಗ್ನೋಲಿಯಾ ಕ್ಯಾಂಪ್‌ಬೆಲ್ಲಿ. ಡಾರ್ಜಿಲಿಂಗ್‌ನ ಆಡಳಿತ ನೋಡಿಕೊಳ್ಳುತ್ತಿದ್ದ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಹೆಸರು ಅದಕ್ಕೆ ಬಂದಿದೆ. ಎಲೆ ಬರುವ ಮೊದಲೇ ಹೂಬಿಡುತ್ತದೆ. ನಮ್ಮ ಸಂಪಿಗೆ ಇದರ ಹತ್ತಿರದ ನೆಂಟ. ಗೈಡ್ ಹುಡುಗ ಅದನ್ನು 'ಚಾಂಪ್' ಅಂದಾಗ ಚಂಪಕ, ಸಂಪಿಗೆ ಎಲ್ಲ ಒಟ್ಟಿಗೆ ನೆನಪಾದವು. ಕೆಳಗೆ ಬಿದ್ದ ಎಸಳು ಎತ್ತಿ ಮೂಸಿದೆ. ನಮ್ಮ ಕೆಂಡಸಂಪಿಗೆಯ ಘಾಟು ಇದಕ್ಕಿಲ್ಲ, ತೆಳು ಪರಿಮಳ ಅಷ್ಟೇ.

ಮೇಘ್ಮಾ ಹೆಸರಿಗೆ ತಕ್ಕಂತೆ ಮೋಡದೊಳಗಿತ್ತು. ಇಲ್ಲಿ ದಾರಿ ಕವಲೊಡೆಯುತ್ತದೆ. ಒಂದು ನೇಪಾಳದ ಕಡೆಯಿಂದ ನೇರ ತುಮ್ಲಿಂಗ್‌ಗೆ, ಇನ್ನೊಂದು ಭಾರತದ ಕಡೆ ಟೊಂಗ್ಲು ನೆತ್ತಿ ಹತ್ತಿ ತುಮ್ಲಿಂಗ್‌ಗೆ. ನಾವು ಟೊಂಗ್ಲು ದಾರಿ ಹಿಡಿದೆವು. ಅದಕ್ಕೆ ಕಾರಣ ಇತ್ತು. 1848ರ ಮೇ ತಿಂಗಳಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಡಾರ್ಜಿಲಿಂಗ್‌ನಿಂದ ಇದೇ ಟೊಂಗ್ಲು ಹತ್ತಿದ್ದರು. ಯಾವ ಎತ್ತರದಲ್ಲಿ ಯಾವ ಮರ ಶುರು, ಯಾವುದು ಮುಗಿಯಿತು ಅಂತ ದಾರಿಯುದ್ದಕ್ಕೂ ಬರೆದಿಟ್ಟುಕೊಂಡರು. ಆಗ ರಸ್ತೆಯಿಲ್ಲ, ಮಳೆ ಬೇರೆ. ಆ ಶ್ರದ್ಧೆ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

3,070 ಮೀಟರಿನ ನೆತ್ತಿ ತಲುಪುವ ಮೊದಲೇ ಕೆಂಪು ರೋಡೋಡೆಂಡ್ರಾನ್ ಶುರುವಾಗಿತ್ತು. ನೇಪಾಳಿಯಲ್ಲಿ ಲಾಲಿ ಗುರಾಸ್. ನೇಪಾಳದ ರಾಷ್ಟ್ರಪುಷ್ಪ. ಹೂ ಅಂದರೆ ಗಿಡದ ಹೂ ಅಂದುಕೊಳ್ಳಬೇಡಿ. ದೊಡ್ಡ ಮರವೇ ಕೆಂಪಾಗಿ ನಿಂತಿರುತ್ತದೆ. ಇದೇ ಜಾತಿ ನಮ್ಮ ಪಶ್ಚಿಮಘಟ್ಟದಲ್ಲೂ ಇದೆ, ನೀಲಗಿರಿಯ ಎತ್ತರದ ಶೋಲಾ ಕಾಡುಗಳಲ್ಲಿ. ನಡುವೆ ಇಷ್ಟು ದೊಡ್ಡ ಬಿಸಿ ಬಯಲು ಇದ್ದರೂ ಅದು ಅಲ್ಲಿ ಹೇಗೆ ಬಂತು? ಹಿಂದೆ ಭೂಮಿ ಹೆಚ್ಚು ತಂಪಾಗಿದ್ದಾಗ ಇಂಥ ಕಾಡು ದಕ್ಷಿಣಕ್ಕೂ ಹಬ್ಬಿತ್ತು, ಬಿಸಿಯಾದಂತೆ ಬೆಟ್ಟದ ತುದಿಗಳಲ್ಲಷ್ಟೇ ಉಳಿಯಿತು ಎಂಬ ವಾದವಿದೆ.

ತುಮ್ಲಿಂಗ್ ನೇಪಾಳದ ಊರು. ಮರದ ಮನೆ, ತಗಡಿನ ಮಾಡು, ಒಲೆಯ ಬಿಸಿ. ಊಟಕ್ಕೆ ಅನ್ನ, ಬೇಳೆ, ಆಲೂ, ಜೊತೆಗೆ ಗುಂದ್ರುಕ್. ಸೊಪ್ಪನ್ನು ಹುಳಿ ಬರಿಸಿ ಒಣಗಿಸಿ ಇಟ್ಟುಕೊಳ್ಳುತ್ತಾರೆ, ಅದರ ಸಾರು. ಅಪ್ಪೆಹುಳಿ ಇಷ್ಟಪಡುವ ನಾಲಿಗೆಗೆ ಅದು ಕೂಡಲೇ ಹಿಡಿಸಿತು.

ಮೂರನೇ ದಿನ: ಗೈರಿಬಾಸ್ ದಾಟಿ ಕಾಲಿಪೋಖ್ರಿ

ತುಮ್ಲಿಂಗ್ ಬಿಟ್ಟ ಸ್ವಲ್ಪದರಲ್ಲೇ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದ ಗೇಟು. 1986ರಲ್ಲಿ ಅಭಯಾರಣ್ಯ, 1992ರಲ್ಲಿ ರಾಷ್ಟ್ರೀಯ ಉದ್ಯಾನ. ಸುಮಾರು 78 ಚದರ ಕಿಲೋಮೀಟರ್ ಅಷ್ಟೇ. ಟಿಕೆಟ್ ಪಡೆದು ಒಳಗೆ ಹೋದೆವು.

ಈ ದಿನ ದಾರಿ ಮೊದಲು ಇಳಿಯುತ್ತದೆ. ಮೇಲೆ ಹೋಗಬೇಕಾದವರು ಕೆಳಗೆ ಇಳಿಯುವುದು ಕಾಲಿಗೆ ಬೇಸರ. ಆದರೆ ಕಾಡು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ತುಮ್ಲಿಂಗ್‌ನ ಹುಲ್ಲು ಮತ್ತು ಗುರಾಸ್ ಹೋಗಿ, ಮತ್ತೆ ಓಕ್ ಬಂತು. ಗೈರಿಬಾಸ್ 2,600 ಮೀಟರ್ ಚಿಲ್ಲರೆ. ನಿನ್ನೆ ಮಧ್ಯಾಹ್ನ ಬಿಟ್ಟುಬಂದ ಮರಗಳೇ ಮತ್ತೆ ಎದುರಿಗೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತೇವೆ. ಇಲ್ಲಿ ಅದನ್ನು ಮರಗಳೇ ತೋರಿಸುತ್ತವೆ. ಅಕ್ಕನ ಮಗ ಮರ ನೋಡಿ ಎತ್ತರ ಹೇಳುವುದು, ಆಮೇಲೆ ಫೋನ್ ತೆಗೆದು ತಾಳೆ ನೋಡುವುದು ಮಾಡುತ್ತಿದ್ದ. ಗೈಡ್ ಹುಡುಗನಿಗೂ ಇದು ಇಷ್ಟವಾಯಿತು. ಅವನು ಮರ ನೋಡಲೇ ಇಲ್ಲ. ಬಿದಿರು ನೋಡಿ ಹೇಳುತ್ತಿದ್ದ. ಪ್ರತಿ ಸಲ ಅವನದೇ ಹೆಚ್ಚು ಹತ್ತಿರ ಬರುತ್ತಿತ್ತು.

ಇಲ್ಲಿನ ಬಿದಿರಿಗೆ ಮಾಲಿಂಗೋ ಅನ್ನುತ್ತಾರೆ. ನಮ್ಮ ಹೆಬ್ಬಿದಿರು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಇದು ಬಿದಿರು ಅಂತಲೇ ಅನಿಸುವುದಿಲ್ಲ. ಹೆಬ್ಬೆರಳು ದಪ್ಪ, ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಕಾಲಿಡಲು ಜಾಗವಿಲ್ಲದಷ್ಟು ಒತ್ತಾಗಿ ಬೆಳೆಯುತ್ತದೆ. ಓಕ್ ಮರಗಳ ಕೆಳಗೆ ಇಡೀ ಇಳಿಜಾರು ಮಾಲಿಂಗೋ. ಈ ಎರಡು ಸೇರಿದ ಪಟ್ಟಿಯೇ ಕೆಂಪು ಪಾಂಡಾದ ಮನೆ.

ಕೆಂಪು ಪಾಂಡಾ ಬೆಕ್ಕಿಗಿಂತ ಸ್ವಲ್ಪ ದೊಡ್ಡ ಪ್ರಾಣಿ. ಮುಖ್ಯ ಆಹಾರ ಬಿದಿರಿನ ಎಲೆ. ಎಲೆಯಲ್ಲಿ ಸತ್ವ ಕಡಿಮೆ, ಹಾಗಾಗಿ ದಿನದ ಬಹುಭಾಗ ತಿನ್ನುವುದು, ಉಳಿದ ಹೊತ್ತು ಕೊಂಬೆಯ ಮೇಲೆ ಮಲಗುವುದು. ಮರಿ ಹಾಕಲು ಹಳೇ ಮರದ ಪೊಟರೆ ಬೇಕು. ಅಂದರೆ ಬಿದಿರು ಒಂದೇ ಇದ್ದರೆ ಸಾಲದು, ಮುದಿ ಮರಗಳೂ ಉಳಿದಿರಬೇಕು. ಒಣಗಿದ, ಟೊಳ್ಳಾದ ಮರವನ್ನು ಸೌದೆ ಅಂತ ಕಡಿದರೆ ಪಾಂಡಾದ ಬಾಣಂತಿಕೋಣೆ ಕಡಿದಂತೆ. 2003ರಲ್ಲಿ ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಮೃಗಾಲಯದಲ್ಲಿ ಹುಟ್ಟಿದ ಎರಡು ಹೆಣ್ಣು ಪಾಂಡಾಗಳನ್ನು ಸಿಂಗಲೀಲಾದ ಕಾಡಿಗೆ ಬಿಟ್ಟಿದ್ದರು. ಸ್ವೀಟಿ, ಮಿನಿ ಅಂತ ಅವುಗಳ ಹೆಸರು.

ನಮಗೆ ಪಾಂಡಾ ಕಾಣಲಿಲ್ಲ. ಗೈರಿಬಾಸ್‌ನಿಂದ ಕಯ್ಯಾಕಟ್ಟಾದವರೆಗೆ ಮಾತಿಲ್ಲದೆ ನಡೆದೆವು. ಗೈಡ್ ಹುಡುಗ ಒಂದು ಕಡೆ ನಿಂತು, ಪಾಚಿ ಹತ್ತಿದ ಕೊಂಬೆಯ ಮೇಲಿದ್ದ ಹಿಕ್ಕೆ ತೋರಿಸಿದ. ಬರೀ ಬಿದಿರೆಲೆಯ ನಾರು. ಅದು ಇಲ್ಲಿ ಓಡಾಡಿದೆ ಅನ್ನುವುದೇ ನಮಗೆ ದೊಡ್ಡ ಸಂಗತಿಯಾಯಿತು. ಅಕ್ಕನ ಮಗ ಅಲ್ಲಿಂದ ಕದಲಲು ಒಪ್ಪಲಿಲ್ಲ, ತುಂಬಾ ಹೊತ್ತು ಕೂತೆವು.

ಸಂಜೆ ಕಾಲಿಪೋಖ್ರಿ, 3,186 ಮೀಟರ್. ಸಣ್ಣ ಕಪ್ಪು ಕೊಳ, ಸುತ್ತ ಪ್ರಾರ್ಥನೆಯ ಬಾವುಟ. ಕೊಳ ಪವಿತ್ರ, ಕಾಲಿಡುವ ಹಾಗಿಲ್ಲ. ನಾವು ಉಳಿದುಕೊಂಡ ಮನೆಯ ಅಮ್ಮ ಒಲೆ ಮುಂದೆ ಕೂರಿಸಿ, ಬಿದಿರಿನ ಉದ್ದ ಲೋಟದಲ್ಲಿ ತೊಂಗ್ಬಾ ತಂದಿಟ್ಟರು. ಹುದುಗಿಸಿದ ಧಾನ್ಯದ ಮೇಲೆ ಬಿಸಿನೀರು ಹುಯ್ದು, ಬಿದಿರಿನ ಕೊಳವೆಯಲ್ಲಿ ಹೀರುವ ಪಾನೀಯ. ಧಾನ್ಯ ಯಾವುದು ಅಂತ ಕೇಳಿದೆ. "ಕೋದೋ" ಅಂದರು. ಒಂದು ಹಿಡಿ ಕಾಳು ತಂದು ತೋರಿಸಿದರು. ನಮ್ಮ ರಾಗಿ! ರಾಗಿಯಿಂದ ಮುದ್ದೆ ಮಾಡುತ್ತೇವೆ, ಅಂಬಲಿ ಮಾಡುತ್ತೇವೆ ಅಂತ ಹೇಳಿದೆ. ಅವರೂ ಹಿಟ್ಟನ್ನು ಬಿಸಿನೀರಿಗೆ ಹಾಕಿ ತಿರುವಿ ಢೀಂಡೋ ಮಾಡುತ್ತಾರಂತೆ. ಅವರು ಕೈಯಲ್ಲಿ ತಿರುವಿ ತೋರಿಸಿದ ರೀತಿ ಮುದ್ದೆ ತಿರುವಿದಂತೆಯೇ ಇತ್ತು. ಮಾತು ಬಹಳ ಹೊತ್ತು ಸಾಗಿತು.

ನಾಲ್ಕನೇ ದಿನ: ಸಂದಕ್‌ಫು

ದೂರ ಕಡಿಮೆ, ಏರು ಜಾಸ್ತಿ. ಬಿಖೇಭಂಜ್ಯಾಂಗ್ ದಾಟಿದ ಮೇಲೆ ಕೊನೆಯ ನಾಲ್ಕು ಕಿಲೋಮೀಟರ್ ಉಸಿರು ಹಿಡಿದು ಹತ್ತಬೇಕು. ಈ ಭಾಗದಲ್ಲಿ ವತ್ಸನಾಭಿ ಬೆಳೆಯುತ್ತದೆ. ಕಡು ವಿಷದ ಗಿಡ. ಹೂಬಿಡುವುದು ಮಳೆಗಾಲದ ಹೊತ್ತಿಗೆ, ಹಾಗಾಗಿ ನಮಗೆ ಗುರುತಿಸಲು ಆಗಲಿಲ್ಲ.

ಓಕ್ ಇಲ್ಲಿ ಪೂರ್ತಿ ಬಿಟ್ಟುಹೋಯಿತು. ಅದರ ಜಾಗಕ್ಕೆ ಸಿಲ್ವರ್ ಫರ್. ಶಂಕುವಿನ ಆಕಾರ, ನೇರಳೆ ಛಾಯೆಯ ಕಾಯಿ. ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಂತಿರುತ್ತದೆ. ಫರ್ ಗುರುತಿಸಲು ಅದೇ ಸುಲಭದ ದಾರಿ. ಫರ್ ಮರಗಳ ನಡುವೆ ಬೇರೆ ಬೇರೆ ರೋಡೋಡೆಂಡ್ರಾನ್. ಕೆಂಪು ಗುರಾಸ್ ಕಡಿಮೆಯಾಗಿ, ಕೆನೆಬಣ್ಣದ ದೊಡ್ಡ ಗೊಂಚಲಿನದು ಕಾಣಿಸಿತು. ಇದು ಹೂಕರ್ ಹೆಸರಿಟ್ಟ ಫಾಲ್ಕನೆರಿ. ಎಲೆ ಮೊಣಕೈಯಿಂದ ಮಣಿಕಟ್ಟಿನಷ್ಟು ಉದ್ದ. ಎಲೆಯ ಹಿಂದೆ ತುಕ್ಕಿನ ಬಣ್ಣದ ಮೆತ್ತನೆ ರೋಮ. ಕೈಯಾಡಿಸಿದರೆ ಮಖಮಲ್ಲು.

ಮಧ್ಯಾಹ್ನದ ಹೊತ್ತಿಗೆ 3,636 ಮೀಟರ್ ಎತ್ತರದ ಸಂದಕ್‌ಫು ತಲುಪಿದೆವು. ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ. ಪೂರ್ತಿ ಮಂಜು. ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಜೀಪಿನಲ್ಲಿ ಬಂದವರು ನಿರಾಸೆಯಿಂದ ಒಳಗೆ ಕೂತಿದ್ದರು. ಗಾಳಿ ಜೋರು, ಬೇಗ ಮಲಗಿದೆವು.

ಐದನೇ ದಿನ: ಫಾಲುಟ್

ಬೆಳಗಿನ ಜಾವ ಆಕಾಶ ತೊಳೆದಿಟ್ಟ ಹಾಗಿತ್ತು. ಕುಂಭಕರ್ಣ, ಕಾಂಚನಜುಂಗಾ, ಪಾಂಡಿಮ್ ಶಿಖರಗಳು ಸಾಲಾಗಿ, ಮಲಗಿದ ಬುದ್ಧನ ಆಕಾರದಲ್ಲಿ. ಮೊದಲ ಬಿಸಿಲು ಕಾಂಚನಜುಂಗಾದ 8,586 ಮೀಟರಿನ ತುದಿಗೆ ತಾಗಿ ಕೆಳಗಿಳಿಯಿತು. 1955ರ ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಮೊದಲ ಸಲ ಅದನ್ನು ಹತ್ತಿದಾಗ, ಸಿಕ್ಕಿಮಿನವರಿಗೆ ಅದು ದೇವರು ಅನ್ನುವ ಕಾರಣಕ್ಕೆ, ತುತ್ತತುದಿಯ ಮೇಲೆ ಕಾಲಿಡದೆ ಕೆಲವೇ ಅಡಿ ಕೆಳಗೆ ನಿಂತು ಹಿಂದಿರುಗಿದರು. ಪಶ್ಚಿಮಕ್ಕೆ ದೂರದಲ್ಲಿ ಲೋತ್ಸೆ, ಎವರೆಸ್ಟ್, ಮಕಾಲು. ಎದುರಿಗೆ ಮಕಾಲು ಇರುವುದರಿಂದ ಎವರೆಸ್ಟ್ ಚಿಕ್ಕದಾಗಿ ಕಾಣುತ್ತದೆ. ಕಣ್ಣಲ್ಲಿ ನೀರು ಬಂತು. ಚಳಿಗೋ, ಖುಷಿಗೋ, ಎರಡಕ್ಕೂ ಇರಬೇಕು.

ಎಲ್ಲರೂ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾಗ ಅಕ್ಕನ ಮಗ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ. ಲಾಡ್ಜಿನ ಪಕ್ಕದ ರೋಡೋಡೆಂಡ್ರಾನ್ ಗಿಡ. ಅದರ ಎಲೆಗಳೆಲ್ಲ ಕೆಳಕ್ಕೆ ಜೋತುಬಿದ್ದು, ಉದ್ದುದ್ದಕ್ಕೆ ಸುರುಳಿ ಸುತ್ತಿಕೊಂಡಿದ್ದವು. ಒಣಗಿಹೋಗಿದೆ ಅಂದುಕೊಂಡೆ. "ಇಲ್ಲ ಮಾವ, ಚಳಿಗೆ ಹೀಗಾಗೋದು" ಅಂದ. ಎಲೆ ಹೆಪ್ಪುಗಟ್ಟುವ ಚಳಿಯಲ್ಲಿ ಬೆಳಗಿನ ಪ್ರಖರ ಬಿಸಿಲು ನೇರ ಬಿದ್ದರೆ ಅದಕ್ಕೆ ಪೆಟ್ಟು. ಸುರುಳಿ ಸುತ್ತಿಕೊಂಡರೆ ಬಿಸಿಲು ಬೀಳುವ ಜಾಗ ಕಡಿಮೆ. ನಾವು ಚಹಾ ಕುಡಿದು, ಚೀಲ ಕಟ್ಟಿ ಹೊರಬರುವಷ್ಟರಲ್ಲಿ ಬಿಸಿಲು ಏರಿತ್ತು. ಎಲೆಗಳು ಬಿಚ್ಚಿಕೊಂಡು ಮಟ್ಟಸವಾಗಿ ನಿಂತಿದ್ದವು. ಗಿಡವೊಂದು ಬೆಳಗಿನಲ್ಲಿ ಎದ್ದು ಕೂತಿದ್ದನ್ನು ಕಣ್ಣಾರೆ ನೋಡಿದೆವು. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಇದೇ.

ಜೀಪಿನವರು ಹೆಚ್ಚಾಗಿ ಸಂದಕ್‌ಫುವಿನಿಂದಲೇ ವಾಪಸ್ ಹೋಗುತ್ತಾರೆ. ಮುಂದೆ ಫಾಲುಟ್‌ವರೆಗೆ 21 ಕಿಲೋಮೀಟರ್, ಬೆಟ್ಟದ ಬೆನ್ನ ಮೇಲೆಯೇ ದಾರಿ. ಎಡಕ್ಕೆ ನೇಪಾಳ, ಬಲಕ್ಕೆ ಭಾರತ, ಎದುರಿಗೆ ಉದ್ದಕ್ಕೂ ಕಾಂಚನಜುಂಗಾ. ಹುಲ್ಲುಗಾವಲಿನಲ್ಲಿ ನೇರಳೆ ಬಣ್ಣದ ಪ್ರಿಮುಲಾ ಹೂ, ನೆಲಕ್ಕೆ ಅಂಟಿಕೊಂಡೇ ಅರಳಿತ್ತು. ನೇಪಾಳದ ಕಡೆಯಿಂದ ಮೇಯಲು ಬಂದ ಯಾಕ್‌ಗಳು.

ಸಬರ್‌ಗ್ರಾಮ್ ಕಡೆ ಹೋದಂತೆ ಸತ್ತ ಮರಗಳು. ಒಂದೆರಡಲ್ಲ, ಇಳಿಜಾರಿನ ತುಂಬಾ. ಫರ್ ಮರದ ಕಾಂಡಗಳು ಕೊಂಬೆ, ತೊಗಟೆ ಇಲ್ಲದೆ ಬೆಳ್ಳಗೆ ನಿಂತಿವೆ. ಹಿಂದೆ ಬಿದ್ದ ಬೆಂಕಿಯಲ್ಲಿ ಸತ್ತವು ಅಂತ ಗೈಡ್ ಹುಡುಗ ಹೇಳಿದ. ಈ ಎತ್ತರದಲ್ಲಿ ಮರ ಕೊಳೆಯುವುದೂ ನಿಧಾನ, ಬೆಳೆಯುವುದೂ ನಿಧಾನ. ಕೆಳಗೆ ಮಾಲಿಂಗೋ ದಟ್ಟವಾಗಿ ಹಬ್ಬಿದ ಕಡೆ ಫರ್ ಸಸಿಗೆ ಬೆಳಕೇ ಸಿಗುವುದಿಲ್ಲ. ಹುಲ್ಲು ಇರುವ ಕಡೆ ದನ, ಯಾಕ್ ತುಳಿಯುತ್ತವೆ. ಸತ್ತ ಮರಗಳ ನಡುವೆ ಸಸಿ ಹುಡುಕುತ್ತಾ ನಡೆದೆವು. ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು, ಮೊಣಕಾಲೆತ್ತರದವು. ನಮ್ಮಲ್ಲಿ ಕಾಡು ಸುಟ್ಟರೆ ಮಳೆ ಬಿದ್ದ ಮೇಲೆ ಏನಾದರೂ ಒಂದು ಹಸಿರಾಗುತ್ತದೆ. ಇಲ್ಲಿ ಹಾಗಲ್ಲ. ಒಂದು ಬೀಡಿಯ ಕಿಡಿಗೆ ಎಷ್ಟು ತಲೆಮಾರು ಕಾಯಬೇಕಾಗಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಫಾಲುಟ್ 3,600 ಮೀಟರ್. ಬರೀ ಹುಲ್ಲು, ಗಾಳಿ. ನೇಪಾಳ, ಸಿಕ್ಕಿಂ, ಬಂಗಾಳ ಮೂರೂ ಕೂಡುವ ಜಾಗ. ಒಂದೆರಡು ಕಟ್ಟಡ ಬಿಟ್ಟರೆ ಏನೂ ಇಲ್ಲ. ಕಾಲು ಸೋತಿತ್ತು, ಚುರ್ಪಿ ಅನ್ನುವ ಗಟ್ಟಿ ಚೀಸ್ ಅಗಿಯುತ್ತಾ ಕೂತೆವು.

ಆರನೇ ದಿನ: ಗೋರ್ಖೆಗೆ ಇಳಿದಿದ್ದು

ಏರುವಾಗ ನಾಲ್ಕು ದಿನದಲ್ಲಿ ನೋಡಿದ ಕಾಡನ್ನೆಲ್ಲ ಇಳಿಯುವಾಗ ಒಂದೇ ದಿನದಲ್ಲಿ ತಿರುಗಿ ನೋಡಬಹುದು. 15 ಕಿಲೋಮೀಟರ್ ದಾರಿ, ಸಾವಿರ ಮೀಟರಿಗೂ ಹೆಚ್ಚು ಇಳಿತ. ಈ ಕಡೆ ಜೀಪ್ ರಸ್ತೆ ಇಲ್ಲ. ಕಾಲುದಾರಿ ಮಾತ್ರ.

ಹುಲ್ಲು ಮುಗಿದ ಕೂಡಲೇ ಫರ್ ಕಾಡು. ನಿನ್ನೆ ಸತ್ತಿದ್ದನ್ನು ನೋಡಿದವರಿಗೆ ಇಂದು ಬದುಕಿರುವುದನ್ನು ನೋಡುವ ಸಂತೋಷ. ಕತ್ತೆತ್ತಿದರೂ ತುದಿ ಕಾಣದ ಮರಗಳು. ಕೊಂಬೆಯಿಂದ ಬೂದು ಬಣ್ಣದ ಕಲ್ಲುಹೂವು ಜೋತುಬಿದ್ದಿದೆ. ಕೆಳಗೆ ರೋಡೋಡೆಂಡ್ರಾನ್ ಬಾಗಿ ಬಳುಕಿ ಬೆಳೆದಿದೆ, ಕಾಲ ಕೆಳಗೆ ಉದುರಿದ ಎಸಳು. ಇನ್ನೂ ಇಳಿದಾಗ ಹೆಮ್ಲಾಕ್. ಎಲೆ ಫರ್‌ನಂತೆಯೇ, ಆದರೆ ಕಾಯಿ ಪುಟ್ಟದು, ಕೆಳಗೆ ಜೋತುಬೀಳುತ್ತದೆ. ಆಮೇಲೆ ಮಾಲಿಂಗೋ. ಬಿದಿರಿನ ನಡುವೆ ಒಂದಾಳು ಹೋಗುವಷ್ಟೇ ದಾರಿ. ಆಮೇಲೆ ಓಕ್, ಮೇಪಲ್, ಪಾಚಿ, ಜರಿಗಿಡ. ಹಕ್ಕಿಗಳ ಸದ್ದು ಜೋರಾಯಿತು. ಮೈಮೇಲಿನ ಜಾಕೆಟ್ ಒಂದೊಂದೇ ಕಳಚಿ ಚೀಲ ಸೇರಿತು.

ಏರುವಾಗ ಪ್ರತಿ ಪಟ್ಟಿಯೂ ಬೇರೆ ಅನಿಸಿತ್ತು. ಇಳಿಯುವಾಗ ಅವು ಒಂದರೊಳಗೊಂದು ಹೇಗೆ ಸೇರಿಕೊಂಡಿವೆ ಅನ್ನುವುದು ಕಂಡಿತು. ಫರ್ ಮುಗಿದ ಮೇಲೂ ತಂಪಾದ ಹಳ್ಳದ ಬದಿಯಲ್ಲಿ ಒಂದೆರಡು ಫರ್. ಓಕ್ ಶುರುವಾಗುವ ಮೊದಲೇ, ಬಿಸಿಲು ಬೀಳುವ ದಿಬ್ಬದ ಮೇಲೆ ಒಂಟಿ ಓಕ್. ಎತ್ತರ ಒಂದೇ ಅಲ್ಲ. ಇಳಿಜಾರು ಯಾವ ಕಡೆ ಮುಖ ಮಾಡಿದೆ, ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಎಲ್ಲಿ ತಾಗುತ್ತದೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಗೈಡ್ ಹುಡುಗ ಬಿದಿರು ನೋಡಿ ಹೇಳುತ್ತಿದ್ದದ್ದು ಯಾಕೆ ಅಂತ ಅಕ್ಕನ ಮಗನಿಗೆ ಆಗ ಹೊಳೆಯಿತು. ಒಂಟಿ ಮರ ತನ್ನ ಪಟ್ಟಿ ಬಿಟ್ಟು ಆಚೀಚೆ ಇರಬಹುದು, ಇಡೀ ಬಿದಿರು ಮೆಳೆ ಹಾಗೆ ಆಚೀಚೆ ಸರಿಯುವುದು ಕಷ್ಟ.

ಗೋರ್ಖೆ ಕಣಿವೆಯ ತಳದ ಹಳ್ಳಿ. ಹೊಳೆ, ಮರದ ಮನೆಗಳು, ಅಂಗಳದಲ್ಲಿ ಹೂಗಿಡ, ಆಲೂಗಡ್ಡೆ ಮತ್ತು ಮೆಕ್ಕೆಜೋಳದ ಗದ್ದೆ. ಹೊಳೆಯಾಚೆ ಸಿಕ್ಕಿಂ. ನೀರಿಗೆ ಕಾಲು ಬಿಟ್ಟು ಕೂತೆವು.

ಏಳನೇ ದಿನ: ರಾಮ್ಮಾಮ್, ಶ್ರೀಖೋಲಾ, ರಿಂಬಿಕ್

ಸಮಾಂದೆನ್ ಎಂಬ ಚಂದದ ಬಯಲು ಹಳ್ಳಿ ದಾಟಿ ರಾಮ್ಮಾಮ್ ಕಡೆಗೆ. ಕಾಡು ಮತ್ತು ಊರು ಇಲ್ಲಿ ಬೆರೆತುಕೊಂಡಿವೆ. ಹಿಂದಿನ ದಿನಗಳಲ್ಲಿ ಎತ್ತರ ಕಾಡನ್ನು ಬದಲಿಸಿತ್ತು. ಇವತ್ತು ಬದಲಿಸಿದ್ದು ಜನರ ಕೈ.

ದಾರಿಯ ಕೆಳಗೆ ದೊಡ್ಡ ಎಲೆಯ ಗಿಡಗಳ ಗುಂಪು ನೋಡಿ ನಿಂತೆ. ಏಲಕ್ಕಿ. ನಮ್ಮ ತೋಟದ ಹಸಿರು ಏಲಕ್ಕಿ ಅಲ್ಲ, ಪಲಾವಿಗೆ ಹಾಕುವ ಕಪ್ಪು ದೊಡ್ಡ ಏಲಕ್ಕಿ. ಒಂದೇ ಕುಟುಂಬದ ಬೇರೆ ಗಿಡ. ಬುಡದಲ್ಲಿ, ಮಣ್ಣಿಗೆ ತಾಗಿಕೊಂಡೇ ಹೂ. ಬೆಳೆದ ಕಾಯಿಯನ್ನು ಸೌದೆ ಒಲೆಯ ಭಟ್ಟಿಯಲ್ಲಿ ಒಣಗಿಸುತ್ತಾರೆ, ಅದಕ್ಕೇ ಆ ಹೊಗೆಯ ವಾಸನೆ. ತೋಟದ ಯಜಮಾನರು ಹಿರಿಯರು. ನಾನೂ ತೋಟದವನು ಅಂತ ಗೈಡ್ ಹೇಳಿದ್ದೇ ತಡ, ಒಳಗೆ ಕರೆದೊಯ್ದು ತೋರಿಸಿದರು.

ನೆರಳಿಗೆ ಉತ್ತಿಸ್ ಮರ. ಇಂಗ್ಲಿಷಿನ ಆಲ್ಡರ್. ಹಿರಿಯರು ಕತ್ತಿಯ ತುದಿಯಿಂದ ಮಣ್ಣು ಕೆದಕಿ ಬೇರು ತೋರಿಸಿದರು. ಬೇರಿನ ತುಂಬಾ ಗಂಟು. ಅದರೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತವೆ. ಎಲೆ ಉದುರಿದರೆ ಅದೇ ಗೊಬ್ಬರ. ಗುಡ್ಡ ಕುಸಿದ ಬರಡು ಜಾಗದಲ್ಲೂ ಮೊದಲು ಚಿಗುರುವ ಮರ ಇದು. ಶಿರಸಿ ಕಡೆ ನಾವು ಸೊಪ್ಪಿನ ಬೆಟ್ಟದಿಂದ ಸೊಪ್ಪು ಕೊಯ್ದು, ಹೊತ್ತು ತಂದು ತೋಟಕ್ಕೆ ಹಾಕುತ್ತೇವೆ. ಆಳು ಸಿಗದೆ ಈಗ ಅದೇ ದೊಡ್ಡ ತಲೆನೋವು. ಇವರ ತೋಟದಲ್ಲಿ ಸೊಪ್ಪು ಕೊಡುವ ಮರವೇ ನಡುವೆ ನಿಂತಿದೆ. ನಾನು ಅಡಿಕೆ, ಕಾಳುಮೆಣಸು, ಏಲಕ್ಕಿ ಒಟ್ಟಿಗೆ ಬೆಳೆಯುವುದನ್ನು ವಿವರಿಸಿದೆ. ಅವರು ಕೊಳೆರೋಗದ ಬಗ್ಗೆ ಕೇಳಿದರು. ಅವರ ಏಲಕ್ಕಿಗೂ ರೋಗದ ಕಾಟ ಇದೆಯಂತೆ. ಶ್ರೀಖೋಲಾದ ತೂಗುಸೇತುವೆ ದಾಟುವಾಗ ಸಂಜೆಯಾಗಿತ್ತು, ರಿಂಬಿಕ್ ಸೇರುವಾಗ ಕತ್ತಲೆ. ಅಲ್ಲಿಂದ ಮಾರನೇ ದಿನ ಬೆಳಿಗ್ಗೆ ಡಾರ್ಜಿಲಿಂಗ್‌ಗೆ ಜೀಪು.

ಹೋಗಬೇಕು ಅನ್ನುವವರಿಗೆ: ಉದ್ಯಾನ ಜೂನ್ 16ರಿಂದ ಸೆಪ್ಟೆಂಬರ್ 15ರವರೆಗೆ ಮುಚ್ಚಿರುತ್ತದೆ. ಶಿಖರ ಸ್ಪಷ್ಟವಾಗಿ ಕಾಣಬೇಕಾದರೆ ಅಕ್ಟೋಬರ್, ನವೆಂಬರ್. ಹೂ ಬೇಕಾದರೆ ಏಪ್ರಿಲ್. ಕಾಡು ನೋಡುವ ಆಸೆ ಇದ್ದರೆ ಸಂದಕ್‌ಫುವಿನಿಂದ ಜೀಪು ಹತ್ತಿ ಇಳಿಯಬೇಡಿ. ಇನ್ನೆರಡು ದಿನ ಹೆಚ್ಚು ಇಟ್ಟುಕೊಂಡು ಫಾಲುಟ್, ಗೋರ್ಖೆ ದಾರಿಯಲ್ಲಿ ಇಳಿಯಿರಿ. ಗೋರ್ಖೆಯಲ್ಲಿ ಉಳಿಯುವ ಮನೆಗಳು ಕಡಿಮೆ. ಮಾನೇಭಂಜ್ಯಾಂಗ್ ಬಿಡುವ ಮೊದಲೇ ಗೈಡ್ ಹತ್ತಿರ ಫೋನ್ ಮಾಡಿಸಿ ಜಾಗ ಹೇಳಿಡಿ.